ಅವಧಿ ಮುಗಿದ ಚೀಟಿ

1964ರಲ್ಲಿ ಕಟ್ಟಿದ ಲಿಂಗನಮಕ್ಕಿಯ ಅಣೆಕಟ್ಟಿಗೆ ಸಮೀಪವಾದ ಕಾರ್ಗಲ್ಲಿನಲ್ಲಿ, ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಮನೆಯ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದೆವು. ಆದಾಯದ ಪ್ರಮಾಣಪತ್ರವನ್ನು ಪೆಟ್ಟಿಗೆಯಿಂದ ಹುಡುಕಿ ತರುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಬಂದು ನೋಡಿದರೆ, ‘ನಿಮ್ಮ ಅವಧಿ ಮುಗಿದಿದೆ’ ಎಂಬ ಒಕ್ಕಣೆಯೊಂದನ್ನುಳಿದು ಬರೆದುದೆಲ್ಲವೂ ಮಾಯವಾಗಿದ್ದಿತು. ಅಂದೇ ಕಡೆಯ ದಿನ!

ಯಂತ್ರವನ್ನು ಶಪಿಸಿ ಫಲವಿಲ್ಲ, ಕಾರಣವನ್ನರಿಯುವುದೇ ಲೇಸು. ದೂರದ ಸರ್ವರಿಗೆ ಪ್ರತಿಯೊಂದು ಕೋರಿಕೆಯೂ ಹೊಸಬನ ಕೂಗಿನಂತೆ. ಆದುದರಿಂದ ಪಾಸ್‌ವರ್ಡನ್ನೊಪ್ಪಿಸಿದವರಿಗೆ ಅದು ಒಂದು ಗುರುತಿನ ಚೀಟಿಯನ್ನು ಕೊಡುವುದು. 1994ರಲ್ಲಿ ಹುಟ್ಟಿದ ಈ ಏರ್ಪಾಡಿಗೆ ಕುಕಿ ಎಂದು ಹೆಸರು. ನಾವು ಪುಟ ತಿರುವಿದಾಗಲೆಲ್ಲ ಚೀಟಿಯು ಸರ್ವರಿಗೆ ತಲುಪಿ, ಗಡುವು ಸಾಮಾನ್ಯವಾಗಿ ಮುಂದೆ ಸರಿಯುವುದು. ಒಂದೇ ಪುಟದಲ್ಲಿ ಬರೆಯುತ್ತ ಕುಳಿತರೆ ಅನೇಕ ವೇಳೆ ಸರ್ವರು ಅದನ್ನರಿಯದು. ಬ್ಯಾಂಕುಗಳಲ್ಲಿ ಗಡುವು ಕೆಲವೇ ನಿಮಿಷ. ತೆರೆದ ಖಾತೆ ಪರರ ಕೈಗೆ ಸಿಗದಿರಲೆಂದೇ ಈ ಕಟ್ಟಳೆ.

ಆದುದರಿಂದ ಗೃಹಸ್ಥರು ಕಾಗದಪತ್ರಗಳನ್ನು ಮೊದಲೇ ಜೋಡಿಸಿಕೊಳ್ಳಲಿ. ದೀರ್ಘ ಬರಹವನ್ನು ಬೇರೆಡೆ ಬರೆದಿಟ್ಟುಕೊಳ್ಳಲಿ. ಉಳಿಸುವ ಗುಂಡಿಯಿದ್ದರೆ ಆಗಾಗ ಒತ್ತಲಿ. ಲಾಗಿನ್ ಆಗಿಯೇ ಇರುವ ಅನುಕೂಲವನ್ನು ಸ್ವಂತ ಯಂತ್ರದಲ್ಲಿ ಮಾತ್ರ ಆರಿಸತಕ್ಕದ್ದು. ಅಂಗಡಿಯ ಯಂತ್ರದಲ್ಲಿ ಕೆಲಸ ಮುಗಿದೊಡನೆ ಲಾಗೌಟ್ ಆಗತಕ್ಕದ್ದು.

ನಾವು ಎಲ್ಲವನ್ನೂ ಮರಳಿ ಬರೆದು ರಾತ್ರಿ ಹನ್ನೊಂದೂವರೆಗೆ ಅರ್ಜಿ ಕಳುಹಿಸಿದೆವು. ಆಗ ಮಗುವಿನ ಮುಖವರಳಿತು.