ಒಡಲಿನ ಅಳತೆ: ಗರ್ಭಕಂಠದ ಕ್ಯಾನ್ಸರ್ ಮತ್ತು ಬಿಂಬಾಧಾರಿತ ಒಳವಿಕಿರಣ ಚಿಕಿತ್ಸೆ

ಭಾರತೀಯ ಮಹಿಳೆಯರನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರ್‌ನ ಅನಂತರದ ಸ್ಥಾನ ಗರ್ಭಕಂಠದ ಕ್ಯಾನ್ಸರ್‌ನದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ದೇಶದ ಸುಮಾರು 1,27,000 ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80,000 ಮಂದಿ ಅದಕ್ಕೆ ಬಲಿಯಾದರು. ಅನೇಕರು ಆಸ್ಪತ್ರೆ ತಲುಪುವ ವೇಳೆಗೆ ರೋಗವು ಶಸ್ತ್ರಚಿಕಿತ್ಸೆಯ ಹಂತವನ್ನು ದಾಟಿರುತ್ತದೆ. ಆಗ ಉಳಿಯುವ ಮುಖ್ಯ ಆಸರೆ ವಿಕಿರಣ ಚಿಕಿತ್ಸೆ. ಈ ಚಿಕಿತ್ಸೆಯ ಒಂದು ಭಾಗವಾದ ಒಳವಿಕಿರಣದಲ್ಲಿ ಅಳತೆಯ ಕಲ್ಪನೆಯೇ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಕರ್ನಾಟಕದ ಆಡುಮಾತಿನಲ್ಲಿ ವಿಕಿರಣ ಚಿಕಿತ್ಸೆಗೆ ‘ಕರೆಂಟು ಕೊಡುವುದು’ ಎಂಬ ಹೆಸರು ರೂಢಿಗೆ ಬಂದಿದೆ. ಅಪರಿಚಿತವಾದುದನ್ನು ಪರಿಚಿತವಾದುದರ ಮೂಲಕ ಗ್ರಹಿಸುವ ಜನಪದ ಕ್ರಮಕ್ಕೆ ಇದು ಒಳ್ಳೆಯ ನಿದರ್ಶನ. ಆದರೆ ಈ ಚಿಕಿತ್ಸೆಯಲ್ಲಿ ಮೈಯೊಳಗೆ ವಿದ್ಯುತ್ ಹರಿಯುವುದಿಲ್ಲ. ಕಣ್ಣಿಗೆ ಕಾಣದ ಕಿರಣಗಳು ರೋಗಕೋಶಗಳ ವಂಶತಂತುವನ್ನು ತುಂಡರಿಸಿ, ಅವು ಮತ್ತೆ ವೃದ್ಧಿಯಾಗದಂತೆ ಮಾಡುತ್ತವೆ. ಸಾಮಾನ್ಯವಾಗಿ ಮೊದಲು ಸುಮಾರು ಐದು ವಾರ ಹೊರಗಿನ ಯಂತ್ರದಿಂದ ಕಿರಣ ನೀಡಲಾಗುತ್ತದೆ. ಅದರ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಔಷಧವೂ ಇರುತ್ತದೆ. ಅನಂತರದ ಹಂತವೇ ಒಳವಿಕಿರಣ, ಅಂದರೆ ಬ್ರಾಕಿಥೆರಪಿ. ‘ಬ್ರಾಕಿ’ ಎಂಬುದು ‘ಗಿಡ್ಡ’ ಎಂಬರ್ಥದ ಗ್ರೀಕ್ ಮೂಲದ ಪದ. ಇಲ್ಲಿ ಅದು ಅತಿ ಸಮೀಪದಿಂದ ನೀಡುವ ಚಿಕಿತ್ಸೆಯನ್ನು ಸೂಚಿಸುತ್ತದೆ.

ಒಳವಿಕಿರಣದ ಬಲವೆಲ್ಲ ಈ ಸಾಮೀಪ್ಯದಲ್ಲಿದೆ. ಕಿರಣದ ಆಕರದಿಂದ 1 ಸೆಂ.ಮೀ. ದೂರದಲ್ಲಿ ದೊರೆಯುವ ಪ್ರಮಾಣವು 2 ಸೆಂ.ಮೀ. ದೂರದಲ್ಲಿ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಗಡ್ಡೆಗೆ ಹೆಚ್ಚು ಪ್ರಮಾಣ ಕೊಟ್ಟು, ಮುಂದಿರುವ ಮೂತ್ರಕೋಶವನ್ನೂ ಹಿಂದಿರುವ ಗುದನಾಳವನ್ನೂ ಉಳಿಸಿಕೊಳ್ಳಲು ಸಾಧ್ಯ. ಆದರೆ ಈ ನಿಯಮಕ್ಕೆ ಎರಡು ಅಲಗುಗಳಿವೆ. ಆಕರವು ಕೆಲವೇ ಮಿಲಿಮೀಟರು ಆಚೀಚೆಯಾದರೂ ಗಡ್ಡೆಯ ಅಂಚು ಉಳಿದುಬಿಡಬಹುದು, ಇಲ್ಲವೆ ಆರೋಗ್ಯವಂತ ಅಂಗ ಘಾಸಿಗೊಳ್ಳಬಹುದು.

ಕ್ಯೂರಿ ದಂಪತಿಗಳು 1898ರಲ್ಲಿ ರೇಡಿಯಂ ಧಾತುವನ್ನು ಕಂಡುಹಿಡಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಅದು ಈ ರೋಗದ ಚಿಕಿತ್ಸೆಗೆ ಬಳಕೆಯಾಯಿತು. 1938ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ತಜ್ಞರು ‘ಎ ಬಿಂದು’ ಎಂಬ ಅಳತೆಯನ್ನು ಮುಂದಿಟ್ಟರು. ಯೋನಿಯ ಮೇಲ್ತುದಿಯ ಪಕ್ಕದ ಮೂಲೆಯಿಂದ 2 ಸೆಂ.ಮೀ. ಮೇಲಕ್ಕೆ, ಗರ್ಭಕೋಶದ ನಡುಗೆರೆಯಿಂದ 2 ಸೆಂ.ಮೀ. ಪಕ್ಕಕ್ಕೆ ಇರುವ ಸ್ಥಾನವಿದು. ಈ ಬಿಂದುವಿಗೆ ಸಲ್ಲುವ ಪ್ರಮಾಣವೇ ಚಿಕಿತ್ಸೆಯ ಪ್ರಮಾಣವೆನಿಸಿತು. ದೇಶದೇಶಗಳ ವೈದ್ಯರಿಗೆ ಇದು ಸಮಾನ ಭಾಷೆಯನ್ನು ಒದಗಿಸಿತು. ಅಸಂಖ್ಯ ಮಹಿಳೆಯರು ಇದರಿಂದ ಗುಣಮುಖರಾದರು. ಆದರೆ ಕ್ಷ-ಕಿರಣ ಚಿತ್ರದಲ್ಲಿ ಮೂಳೆ ಮತ್ತು ಲೋಹದ ಕೊಳವೆಗಳು ಕಾಣುತ್ತಿದ್ದವೇ ಹೊರತು ಗಡ್ಡೆ ಕಾಣುತ್ತಿರಲಿಲ್ಲ. ಗಡ್ಡೆ ದೊಡ್ಡದಿರಲಿ, ಚಿಕ್ಕದಿರಲಿ, ಒಂದು ಬದಿಗೆ ವಾಲಿರಲಿ, ಅಳತೆ ಮಾತ್ರ ಎಲ್ಲರಿಗೂ ಒಂದೇ ಆಗಿತ್ತು.

ಎಂ.ಆರ್.ಐ. ತಂತ್ರವು ಈ ಕೊರತೆಯನ್ನು ನೀಗಿತು. ಬಿಂಬಾಧಾರಿತ ಕ್ರಮದಲ್ಲಿ ಅರಿವಳಿಕೆ ನೀಡಿ, ಗರ್ಭಕೋಶದೊಳಕ್ಕೆ ಬಾಗಿದ ತೆಳು ಕೊಳವೆಯನ್ನೂ ಗರ್ಭಕಂಠದ ಬಾಯಿಗೆ ಒತ್ತಿದಂತೆ ಉಂಗುರದಾಕಾರದ ಸಾಧನವನ್ನೂ ಇರಿಸುತ್ತಾರೆ. ಅವು ಒಳಗಿರುವಾಗಲೇ ಚಿತ್ರ ತೆಗೆಯಲಾಗುತ್ತದೆ. ಹೊರವಿಕಿರಣದಿಂದ ಕುಗ್ಗಿ ಉಳಿದಿರುವ ಗಡ್ಡೆ, ಇಡೀ ಗರ್ಭಕಂಠ, ರೋಗ ಹಬ್ಬಿದ್ದ ಜಾಗದಲ್ಲಿ ಉಳಿದಿರುವ ಶಂಕಿತ ಭಾಗ, ಇವನ್ನು ಸೇರಿಸಿ ವೈದ್ಯರು ಪದರ ಪದರವಾಗಿ ಗುರಿಯ ಗೆರೆ ಎಳೆಯುತ್ತಾರೆ. ಮೂತ್ರಕೋಶ, ಗುದನಾಳ ಹಾಗೂ ಕರುಳಿನ ಕೆಳಭಾಗವನ್ನೂ ಗುರುತಿಸುತ್ತಾರೆ. ಅಕ್ಕಿಕಾಳಿಗಿಂತ ಚಿಕ್ಕದಾದ ಇರಿಡಿಯಂ-192 ಆಕರವು ಕೊಳವೆಯೊಳಗೆ ಎಲ್ಲೆಲ್ಲಿ, ಎಷ್ಟೆಷ್ಟು ಸೆಕೆಂಡು ನಿಲ್ಲಬೇಕೆಂಬುದನ್ನು ಭೌತವಿಜ್ಞಾನಿ ಗಣಿಸುತ್ತಾನೆ. ಗಡ್ಡೆ ಒಂದು ಪಕ್ಕಕ್ಕೆ ಹಬ್ಬಿದ್ದರೆ ಆ ಕಡೆಗೆ ಟೊಳ್ಳು ಸೂಜಿಗಳನ್ನೂ ಸೇರಿಸುವುದುಂಟು.

ಯುರೋಪಿನ ತಜ್ಞರ ಸಂಘವು 2005 ಮತ್ತು 2006ರಲ್ಲಿ ಪ್ರಕಟಿಸಿದ ಶಿಫಾರಸುಗಳು ಈ ಪದ್ಧತಿಗೆ ವ್ಯವಸ್ಥಿತ ರೂಪ ನೀಡಿದವು. ಹೊರ ಹಾಗೂ ಒಳ ವಿಕಿರಣಗಳನ್ನು ಸಮಾನ ಮಾನಕ್ಕೆ ಪರಿವರ್ತಿಸಿ ಕೂಡಿದಾಗ, ಗುರಿಯ ಶೇ. 90 ಭಾಗಕ್ಕೆ ಕನಿಷ್ಠ 85 ಗ್ರೇ ಪ್ರಮಾಣ ಸಲ್ಲಬೇಕೆಂಬುದು ಇಂದಿನ ಆಶಯ. ‘ಎಂಬ್ರೇಸ್’ ಎಂಬ ಬಹುರಾಷ್ಟ್ರೀಯ ಅಧ್ಯಯನವು 2008ರಿಂದ 2015ರವರೆಗೆ 24 ಕೇಂದ್ರಗಳಲ್ಲಿ 1,416 ಮಹಿಳೆಯರನ್ನು ಒಳಗೊಂಡಿತ್ತು. ಐದು ವರ್ಷಗಳ ಅನಂತರವೂ ಸುಮಾರು ಶೇ. 92ರಷ್ಟು ಪ್ರಕರಣಗಳಲ್ಲಿ ರೋಗವು ಮೂಲಸ್ಥಾನದಲ್ಲಿ ಹತೋಟಿಯಲ್ಲಿತ್ತೆಂದು 2021ರಲ್ಲಿ ಪ್ರಕಟವಾದ ಅದರ ವರದಿ ತಿಳಿಸುತ್ತದೆ.

ಎಂ.ಆರ್.ಐ. ಯಂತ್ರವೂ ಅದನ್ನು ಈ ಕೆಲಸಕ್ಕೆ ಬಿಟ್ಟುಕೊಡುವ ಸಮಯವೂ ಎಲ್ಲ ಆಸ್ಪತ್ರೆಗಳಲ್ಲಿ ದೊರೆಯುವುದಿಲ್ಲ. ಹೀಗಾಗಿ ಸಿ.ಟಿ. ಮತ್ತು ಅಲ್ಟ್ರಾಸೌಂಡ್ ಚಿತ್ರಗಳನ್ನು ಆಧರಿಸಿದ ಯೋಜನೆಯೂ ಬಳಕೆಯಲ್ಲಿದೆ. ಯಾವ ಕ್ರಮವಾದರೂ ಇಡೀ ಚಿಕಿತ್ಸೆ ಎಂಟು ವಾರಗಳೊಳಗೆ ಮುಗಿಯುವುದು ಮುಖ್ಯ. ರಕ್ತಸ್ರಾವ ನಿಂತಿತೆಂಬ ಸಮಾಧಾನದಿಂದ ಮಧ್ಯದಲ್ಲಿಯೇ ಊರಿಗೆ ಮರಳಿದರೆ, ಗಡ್ಡೆಯ ಬುಡವನ್ನು ತಲುಪಬೇಕಾದ ಹಂತವೇ ತಪ್ಪಿಹೋಗುತ್ತದೆ.

ಇಲ್ಲಿ ಭಾಷೆ ಮತ್ತು ನಂಬಿಕೆಗಳ ಪಾತ್ರವೂ ಗಮನಾರ್ಹ. ಕನ್ನಡದಲ್ಲಿ ‘ಮುಟ್ಟು’ ಎಂಬ ಒಂದೇ ಪದ ಸ್ಪರ್ಶವನ್ನೂ ಋತುಸ್ರಾವವನ್ನೂ ಸೂಚಿಸುತ್ತದೆ. ಸ್ರಾವವೆಂದರೆ ದೂರವಿರಬೇಕೆಂಬ ಕಟ್ಟುಪಾಡು ಅದಕ್ಕೆ ಅಂಟಿಕೊಂಡಿದೆ. ಅಕಾಲದ ರಕ್ತಸ್ರಾವವನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುವ ಹೆಣ್ಣು, ಚಿಕಿತ್ಸೆಯ ಅನಂತರ ‘ಕರೆಂಟು ಮೈಯಲ್ಲಿದೆ’ ಎಂಬ ಭಯದಿಂದ ಮತ್ತೊಮ್ಮೆ ದೂರವಾಗಬಾರದು. ಈ ಚಿಕಿತ್ಸೆಯಲ್ಲಿ ಆಕರವು ಕೆಲವು ನಿಮಿಷಗಳಲ್ಲಿ ತನ್ನ ಪೆಟ್ಟಿಗೆಗೆ ಮರಳುತ್ತದೆ. ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಆಕೆ ಮಕ್ಕಳನ್ನು ಎತ್ತಿಕೊಳ್ಳುವುದರಿಂದ ಅವರಿಗೆ ಕಿರಣ ತಗಲುವ ಭಯವಿಲ್ಲ.

ದೇಹವನ್ನು ಎಂಟು ಗೇಣಿನದೆಂದು ಹೇಳುವ ರೂಢಿ ಕನ್ನಡದಲ್ಲಿದೆ. ಆ ಗೇಣು ಅವರವರ ಕೈಯದೇ. ಎಲ್ಲರಿಗೂ ಒಂದೇ ಬಿಂದುವಿನಿಂದ ಹೊರಟ ಒಳವಿಕಿರಣ ಚಿಕಿತ್ಸೆಯು ಒಬ್ಬೊಬ್ಬ ಮಹಿಳೆಯ ಒಡಲನ್ನು ಅದರದೇ ಅಳತೆಯಲ್ಲಿ ನೋಡುವ ಹಂತಕ್ಕೆ ಬಂದಿದೆ. ಈ ತಿಳಿವಳಿಕೆಯನ್ನು ಆಕೆಗೆ ಆಕೆಯದೇ ನುಡಿಯಲ್ಲಿ ತಲುಪಿಸುವುದೂ ಚಿಕಿತ್ಸೆಯ ಒಂದು ಅಂಗವೇ ಆಗಿದೆ.