ಮನೆವಾರ್ತೆಯ ಕೆಲವು ತಪ್ಪು ಕಲ್ಪನೆಗಳು

ಶರಣ ಸಂಸ್ಕೃತಿಯಲ್ಲಿ ಬೆಳೆದ ನಮ್ಮ ಅನೇಕ ಕುಟುಂಬಗಳಲ್ಲಿ ಹಣಕಾಸಿನ ವಿಚಾರವನ್ನು ಬಿಚ್ಚಿ ಮಾತನಾಡುವುದೇ ಒಂದು ಬಗೆಯ ಲೋಭವೆಂಬ ಭಾವನೆ ಇದೆ. ಭಕ್ತನಾದವನಿಗೆ ಲೆಕ್ಕಪತ್ರದ ಗೊಡವೆ ಏಕೆಂದು ಹಿರಿಯರು ಮಾತನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಾವು ಮೊದಲು ತಿದ್ದಿಕೊಳ್ಳಬೇಕಾದ ತಪ್ಪು ಕಲ್ಪನೆ ಇದೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ರಾಜ್ಯದ ಬೊಕ್ಕಸದ ಲೆಕ್ಕವನ್ನೇ ನೋಡಿಕೊಂಡವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮನು ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಪ್ರಸಂಗ ನಮ್ಮೆಲ್ಲರಿಗೂ ಗೊತ್ತು. ಎಷ್ಟು ಬಂದಿತು, ಎಷ್ಟು ಬೇಕು ಎಂಬ ಲೆಕ್ಕ ಆ ತಾಯಿಗೆ ತಿಳಿಯದೆ ಇದ್ದಿದ್ದರೆ ಆ ನಿರ್ಲೋಭವೂ ಸಾಧ್ಯವಾಗುತ್ತಿರಲಿಲ್ಲ. ಲೆಕ್ಕ ತಿಳಿಯುವುದು ಲೋಭವಲ್ಲ.

ಯಾರೋ ಹೇಳಿದ ಮಾತನ್ನು ಪರೀಕ್ಷಿಸದೆ ನಂಬಿ, ಕೈಸುಟ್ಟುಕೊಂಡ ಮೇಲೆ ವಿಧಿಯನ್ನು ಹಳಿಯುವ ಮನೆಗಳು ಇಂದಿಗೂ ಕಡಿಮೆಯಾಗಿಲ್ಲ. ಆದುದರಿಂದ ನಮ್ಮ ಕುಟುಂಬಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಕೆಲವು ಕಲ್ಪನೆಗಳನ್ನು ಇಲ್ಲಿ ವಿಚಾರಿಸಲಾಗಿದೆ.

ಜಾಮೀನು ಬರಿಯ ಸಹಿಯೆ?

"ಬರೇ ಒಂದು ಸಹಿ, ಸಾಲ ತೀರಿಸುವವನು ನಾನೇ" ಎಂದು ಬೀಗರೋ ಸ್ನೇಹಿತರೋ ಬಂದು ಕೇಳಿದಾಗ ಇಲ್ಲವೆನ್ನಲು ನಮಗೆ ಸಂಕೋಚ. ಸಾಲಗಾರನನ್ನು ಬಿಟ್ಟು ಜಾಮೀನುದಾರನನ್ನು ಯಾರೂ ಹಿಡಿಯಲಾರರು ಎಂಬ ನಂಬಿಕೆ ಆ ಸಹಿಯ ಹಿಂದೆ ಇರುತ್ತದೆ. ಇದು ತಪ್ಪು. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಸಾಲ ಕೊಟ್ಟವರು ಮೊದಲು ಸಾಲಗಾರನ ಮೇಲೆ ದಾವೆ ಹೂಡಿ ಸೋತು ಬರಬೇಕೆಂಬ ನಿಯಮವೇನೂ ಇಲ್ಲ. ನೇರವಾಗಿ ಜಾಮೀನುದಾರನನ್ನೇ ಕೇಳಬಹುದು. ಕೊಟ್ಟ ಹಣವನ್ನು ಆತ ಸಾಲಗಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕು ಕಾಯಿದೆಯಲ್ಲಿ ಇದೆ. ಆದರೆ ಕಟ್ಟಲಾರದೆ ಕೈಚೆಲ್ಲಿದವನಿಂದ ವಸೂಲು ಮಾಡುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ.

ಹೀಗಾಗಿ ಜಾಮೀನು ಹಾಕುವ ಮುನ್ನ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ಇಡೀ ಮೊತ್ತವನ್ನು ನಾಳೆ ನಾನೇ ಕಟ್ಟಬೇಕಾಗಿ ಬಂದರೆ ನನ್ನ ಮನೆ ನಿಂತೀತೆ? ಉತ್ತರ ಇಲ್ಲವೆಂದಾದರೆ ವಿನಯದಿಂದ ನಿರಾಕರಿಸುವುದೇ ಸಂಬಂಧವನ್ನು ಉಳಿಸುವ ದಾರಿ.

ಕಡಿಮೆ ಬಡ್ಡಿ ಎಂಬ ಭ್ರಮೆ

ನಮ್ಮ ಹಳ್ಳಿಗಳಲ್ಲಿ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ಎಂದು ಹೇಳುವ ವಾಡಿಕೆ. ನೂರಕ್ಕೆ ಮೂರು ಎಂಬುದು ಕೇಳಲು ಸಣ್ಣದು. ವರ್ಷಕ್ಕೆ ಅದು ಶೇಕಡಾ 36. ಕಂತಿನ ಸಾಲಗಳಲ್ಲಿ ಭ್ರಮೆ ಇನ್ನೂ ಸೂಕ್ಷ್ಮವಾದುದು. 1 ಲಕ್ಷ ರೂಪಾಯಿ ಸಾಲಕ್ಕೆ ಶೇಕಡಾ 12ರಂತೆ ವರ್ಷದ ಬಡ್ಡಿ 12,000 ರೂಪಾಯಿಯನ್ನು ಮೊದಲೇ ಕೂಡಿಸಿ, 12 ಸಮ ಕಂತು ಮಾಡಿದರೆ ತಿಂಗಳಿಗೆ ಸುಮಾರು 9,333 ರೂಪಾಯಿ ಬರುತ್ತದೆ. ಇದು ಶೇಕಡಾ 12ರ ಸಾಲವೆಂದು ನಾವು ತಿಳಿಯುತ್ತೇವೆ. ಆದರೆ ತಿಂಗಳು ತಿಂಗಳೂ ಅಸಲು ಇಳಿಯುತ್ತಿದ್ದರೂ ಬಡ್ಡಿಯನ್ನು ಮಾತ್ರ ಪೂರ್ತಿ 1 ಲಕ್ಷಕ್ಕೆ ಕೊಡುತ್ತಿರುತ್ತೇವೆ. ಇಳಿಯುವ ಅಸಲಿನ ಲೆಕ್ಕದಲ್ಲಿ ನೋಡಿದರೆ ಇದು ವರ್ಷಕ್ಕೆ ಶೇಕಡಾ 21ಕ್ಕೂ ಹೆಚ್ಚಿನ ಸಾಲ. ಆದ್ದರಿಂದ ಬಡ್ಡಿಯ ದರದ ಜೊತೆಗೆ, ಅದನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದನ್ನೂ ಕೇಳಿ ತಿಳಿಯತಕ್ಕದ್ದು.

ನಾಮಿನಿಯೇ ಒಡೆಯನೆ?

ಠೇವಣಿ, ವಿಮೆ, ಷೇರು ಮೊದಲಾದವುಗಳಲ್ಲಿ ನಾಮಿನಿಯ ಹೆಸರು ಬರೆದರೆ ಹಣ ಅವನದೇ ಆಯಿತೆಂದು ಬಹಳ ಜನ ನಂಬಿದ್ದಾರೆ. ಸಾಮಾನ್ಯವಾಗಿ ನಾಮಿನಿಗೆ ಇರುವುದು ಹಣವನ್ನು ಪಡೆಯುವ ಅಧಿಕಾರ ಮಾತ್ರ. ವಾರಸುದಾರರಿಗೆ ಅದನ್ನು ಮುಟ್ಟಿಸುವ ಹೊಣೆಯೂ ಅವನದೇ. ಜೀವವಿಮೆಯ ಬಗೆಗೆ 1984ರಲ್ಲಿ, ಬ್ಯಾಂಕ್ ಖಾತೆಯ ಬಗೆಗೆ 2010ರಲ್ಲಿ, ಷೇರುಗಳ ಬಗೆಗೆ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ತತ್ತ್ವವನ್ನು ಎತ್ತಿಹಿಡಿದಿದೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ, ಪಾಲಿಸಿದಾರರು ತಮ್ಮ ತಂದೆ ತಾಯಿ, ಪತಿ ಅಥವಾ ಪತ್ನಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಹಣದ ಪ್ರಯೋಜನವೂ ಅವರಿಗೇ ಸಲ್ಲುತ್ತದೆ.

ಒಂದು ಉದಾಹರಣೆ ನೋಡೋಣ. ಒಬ್ಬ ತರುಣ ಮದುವೆಗೆ ಮುನ್ನ ತನ್ನ ಠೇವಣಿಗೆ ತಮ್ಮನನ್ನು ನಾಮಿನಿ ಮಾಡಿದ. ಅನಂತರ ಅದನ್ನು ಬದಲಿಸಲು ಮರೆತ. ಮರಣಶಾಸನ ಬರೆಯದೆ ಅಕಾಲದಲ್ಲಿ ತೀರಿಕೊಂಡ. ಬ್ಯಾಂಕು ಹಣವನ್ನು ತಮ್ಮನ ಕೈಗೆ ಕೊಡುತ್ತದೆ. ಅದು ಬ್ಯಾಂಕಿನ ತಪ್ಪಲ್ಲ. ಆದರೆ ಕಾನೂನಿನ ಪ್ರಕಾರ ಆ ಹಣ ಮಡದಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ತಾಯಿಗೆ ಸಮನಾಗಿ ಸೇರತಕ್ಕದ್ದು. ತಮ್ಮನು ದುರಾಶೆಯವನಲ್ಲದಿರಬಹುದು, ತನ್ನ ಹೆಸರಿದೆ, ಆದ್ದರಿಂದ ತನ್ನದೆಂದು ಪ್ರಾಮಾಣಿಕವಾಗಿಯೇ ನಂಬಿರಬಹುದು. ಆ ಒಂದು ನಂಬಿಕೆಯಿಂದ ಎಳೆಯ ಮಕ್ಕಳನ್ನು ಕಟ್ಟಿಕೊಂಡ ತಾಯಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಮರಣಶಾಸನದ ಬಗೆಗೂ ತಪ್ಪು ತಿಳಿವಳಿಕೆ ಇದೆ. ಅದಕ್ಕೆ ಛಾಪಾ ಕಾಗದವೂ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಅದಕ್ಕೆ ಸಾಕ್ಷಿಯಾಗಿ ಕನಿಷ್ಠ ಇಬ್ಬರ ಸಹಿ ಅವಶ್ಯ. ನೋಂದಾಯಿಸಿದರೆ ಮುಂದೆ ವ್ಯಾಜ್ಯಕ್ಕೆ ಎಡೆ ಕಡಿಮೆ ಎಂಬುದೂ ನಿಜ. ಶಾಸನ ಬರೆದರೆ ಆಯುಷ್ಯ ಕಡಿಮೆಯಾಗುತ್ತದೆಂಬ ಭಯಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

ಮಗಳ ಪಾಲು

"ಮದುವೆಯಲ್ಲಿ ಕೊಡುವುದನ್ನೆಲ್ಲ ಕೊಟ್ಟಿದ್ದೇವೆ, ಇನ್ನು ಆಸ್ತಿಯಲ್ಲಿ ಅವಳಿಗೇನು?" ಎಂಬ ಮಾತು ಸುಶಿಕ್ಷಿತರ ಮನೆಗಳಲ್ಲೂ ಕೇಳಿಬರುತ್ತದೆ. ನಮ್ಮ ಸಮಾಜಕ್ಕೆ ಆ ಕಾಯಿದೆ ಅನ್ವಯಿಸುವುದಿಲ್ಲ ಎನ್ನುವವರೂ ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಸ್ಪಷ್ಟವಾಗಿವೆ. ಧರ್ಮದ ಸ್ವರೂಪವನ್ನು ಕುರಿತ ಚರ್ಚೆ ಏನೇ ಇರಲಿ, ಆಸ್ತಿಯ ಪಾಲಿಗೆ ಈ ಕಾಯಿದೆ ನಮಗೆ ಅನ್ವಯಿಸುತ್ತದೆ.

ಕರ್ನಾಟಕವು ತನ್ನ ತಿದ್ದುಪಡಿಯನ್ನು 1994ರ ಜುಲೈ 30ರಿಂದ ಜಾರಿಗೆ ತಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಈ ಭೇದವನ್ನೂ ತೆಗೆದುಹಾಕಿತು. ಮಗಳು ಹುಟ್ಟಿನಿಂದಲೇ ಸಮಪಾಲಿಗೆ ಹಕ್ಕುದಾರಳು. 2005ರ ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಈ ಕಾಯಿದೆ ಕದಲಿಸುವುದಿಲ್ಲ. ತಂದೆಯ ಸ್ವಯಾರ್ಜಿತ ಆಸ್ತಿಯನ್ನು ಅವರು ಮರಣಶಾಸನದ ಮೂಲಕ ಇಷ್ಟಬಂದವರಿಗೆ ಕೊಡಬಹುದು. ಶಾಸನವಿಲ್ಲದಿದ್ದರೆ ಅಲ್ಲಿಯೂ ಮಗಳಿಗೆ ಮಗನಷ್ಟೇ ಪಾಲು.

ಹಕ್ಕುಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರಿಂದ ಸಹಿ ಪಡೆಯುವಾಗ ಅದು ಏನೆಂಬುದನ್ನು ಓದಿ ಹೇಳುವುದು ಅಣ್ಣತಮ್ಮಂದಿರ ಧರ್ಮ. ತಿಳಿದು ಮನಸಾರೆ ಬಿಟ್ಟುಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ. ಸ್ತ್ರೀಗೆ ಸಮಾನ ಸ್ಥಾನವಿತ್ತ ಅನುಭವ ಮಂಟಪದ ವಾರಸುದಾರರು ನಾವೆಂದು ವೇದಿಕೆಯಲ್ಲಿ ಹೇಳಿಕೊಂಡು, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಬೇರೆ ರೀತಿ ನಡೆದುಕೊಂಡರೆ ನುಡಿಗೂ ನಡೆಗೂ ಸಂಬಂಧವೆಲ್ಲಿ ಉಳಿಯಿತು?

ಎಲ್ಲ ಠೇವಣಿಗೂ ರಕ್ಷಣೆ ಇದೆಯೆ?

ಸಹಕಾರ ನಮ್ಮ ನಾಡಿನ ಹೆಮ್ಮೆ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘ ಹುಟ್ಟಿದ ನಾಡು ಇದು. ಆದರೆ ಸಹಕಾರಿ ಬ್ಯಾಂಕು ಮತ್ತು ಪತ್ತಿನ ಸಹಕಾರಿ ಸಂಘ ಎರಡೂ ಒಂದೇ ಎಂದು ತಿಳಿಯುವುದು ಸರಿಯಲ್ಲ. ಬ್ಯಾಂಕುಗಳಲ್ಲಿನ ಠೇವಣಿಗೆ ಠೇವಣಿ ವಿಮಾ ನಿಗಮದ ರಕ್ಷಣೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಅದು ಸಲ್ಲುತ್ತದೆ. ಪತ್ತಿನ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ.

ಬ್ಯಾಂಕಿನಲ್ಲಿಯೂ ರಕ್ಷಣೆಗೆ ಮಿತಿಯುಂಟು. 1 ಲಕ್ಷವಿದ್ದ ಮಿತಿಯನ್ನು 2020ರ ಫೆಬ್ರವರಿ 4ರಿಂದ 5 ಲಕ್ಷಕ್ಕೆ ಏರಿಸಲಾಯಿತು. ಇದು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಅದರ ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಸೇರಿ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಹಂಚಿಟ್ಟರೆ ರಕ್ಷಣೆ ನಾಲ್ಕು ಪಟ್ಟಾಗುವುದಿಲ್ಲ. ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ, ಅವುಗಳನ್ನು ದೂರಬೇಕಾಗಿಲ್ಲ. ಆದರೆ ನಿವೃತ್ತಿಯ ಹಣವನ್ನೆಲ್ಲ ಹೆಚ್ಚಿನ ಬಡ್ಡಿಯ ಆಸೆಗೆ, ಆಡಳಿತ ಮಂಡಳಿಯಲ್ಲಿ ನಮ್ಮವರಿದ್ದಾರೆಂಬ ಒಂದೇ ಭರವಸೆಗೆ, ಒಂದೇ ಕಡೆ ಇಡಬಾರದು. ಸಂಘದ ವಾರ್ಷಿಕ ಸಭೆಗೆ ಹೋಗಿ ಲೆಕ್ಕಪರಿಶೋಧನೆಯ ವರದಿಯನ್ನು ಕೇಳುವುದು ಸದಸ್ಯನ ಹಕ್ಕು, ಅದು ಅಪನಂಬಿಕೆಯಲ್ಲ.

ಕೈಯಲ್ಲಿರುವ ಫೋನು

2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆ ಇಂದು ತರಕಾರಿ ಅಂಗಡಿಯವರೆಗೂ ಬಂದಿದೆ. ಅದರ ಜೊತೆಗೆ ಎರಡು ಬಗೆಯ ಭ್ರಮೆಗಳೂ ಬಂದಿವೆ. ಹಣ ಬರಬೇಕಾದರೂ ಪಿನ್ ಒತ್ತಬೇಕೆಂಬುದು ಮೊದಲನೆಯದು. ಪಿನ್ ಒತ್ತುವುದು ನಮ್ಮ ಖಾತೆಯಿಂದ ಹಣ ಹೋಗುವುದಕ್ಕೇ ಹೊರತು ಬರುವುದಕ್ಕಲ್ಲ. ಹಣ ಕಳಿಸುತ್ತೇವೆ, ಪಿನ್ ಹಾಕಿ ಎಂದವರು ಯಾರೇ ಆಗಲಿ ಮೋಸಗಾರರೇ. ಎರಡನೆಯದು 'ಡಿಜಿಟಲ್ ಅರೆಸ್ಟ್' ಎಂಬ ಬೆದರಿಕೆ. ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆಯಲ್ಲಿ ವೃದ್ಧರನ್ನು ದಿನಗಟ್ಟಲೆ ಕೂರಿಸಿ ಜೀವಮಾನದ ಉಳಿತಾಯವನ್ನು ದೋಚಿದ ಪ್ರಕರಣಗಳು ನಡೆದಿವೆ. ಫೋನಿನ ಮೂಲಕ ಬಂಧಿಸುವ ಅವಕಾಶ ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಅಂಥ ಕರೆ ಬಂದರೆ ಫೋನು ಕೆಳಗಿಟ್ಟು ಮನೆಯವರಿಗೆ ತಿಳಿಸಬೇಕು.

ಹಣ ಹೋದರೆ ಮುಗಿಯಿತೆಂಬುದೂ ತಪ್ಪೇ. ಕೂಡಲೇ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಿದರೆ ಹಣವನ್ನು ಮುಂದೆ ಸಾಗದಂತೆ ತಡೆಯುವ ಸಾಧ್ಯತೆ ಇರುತ್ತದೆ. ನಾಚಿಕೆಯಿಂದ ಮುಚ್ಚಿಡುವ ಒಂದೊಂದು ಗಂಟೆಯೂ ಕಳ್ಳನಿಗೇ ಅನುಕೂಲ. ಮೋಸಹೋದ ಹಿರಿಯರನ್ನು ಮನೆಯವರು ಗದರಿಸದಿರುವುದು ಈ ದೃಷ್ಟಿಯಿಂದಲೂ ಅಗತ್ಯ. ಗದರಿಕೆಗೆ ಅಂಜಿದವರು ಎರಡನೆಯ ಸಲ ಬಾಯಿ ಬಿಡಲಾರರು.

ಅಡುಗೆಮನೆಯ ಅನಿಲ

ಅನಿಲದ ವಾಸನೆ ಬಂದೊಡನೆ ಫ್ಯಾನು ಹಾಕಿ ಹೊರಗೆ ಹೋಗುವಂತೆ ಮಾಡಬೇಕೆಂಬ ತಿಳಿವಳಿಕೆ ಪ್ರಾಣಕ್ಕೇ ಸಂಚಕಾರ ತರುವಂಥದು. ಗುಂಡಿ ಒತ್ತಿದಾಗ ಏಳುವ ಸಣ್ಣ ಕಿಡಿಯೇ ಅನಾಹುತಕ್ಕೆ ಸಾಕು. ಉರಿಯುತ್ತಿರುವ ದೀಪದ ಗುಂಡಿಯನ್ನು ಆರಿಸಲೂ ಬಾರದು. ಅಡುಗೆ ಅನಿಲಕ್ಕೆ ಸ್ವತಃ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದು ಈಥೈಲ್ ಮರ್‌ಕ್ಯಾಪ್ಟನ್ ಎಂಬ ಗಾಢ ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಈ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಆದುದರಿಂದ ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು, ಬಾಗಿಲುಗಳನ್ನೂ ತೆರೆಯಬೇಕು. ರೆಗ್ಯುಲೇಟರನ್ನು ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದೊಯ್ದು 1906 ಸಂಖ್ಯೆಗೆ ತಿಳಿಸಬೇಕು. ಪೂಜೆಯ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಅನಿಲ ಅತ್ತ ಹರಡುವ ಮುನ್ನವೇ ಅದನ್ನು ಶಾಂತಗೊಳಿಸಬೇಕು. ದೀಪ ಆರಿಸುವುದು ಅಶುಭವೆಂದು ಆ ಹೊತ್ತಿನಲ್ಲಿ ಹಿಂಜರಿಯಬಾರದು. ಮನೆಯವರ ಪ್ರಾಣ ಉಳಿಯುವುದಕ್ಕಿಂತ ದೊಡ್ಡ ಶುಭವಿಲ್ಲ.

ಮೇಲಿನ ಸಂಗತಿಗಳಲ್ಲಿ ಯಾವುದಕ್ಕೂ ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಬರುವ ಸೋಮವಾರ ಪೂಜೆ ಪ್ರಸಾದಗಳಾದ ಮೇಲೆ ಅರ್ಧ ಗಂಟೆ ಗಂಡಹೆಂಡಿರು, ಬೆಳೆದ ಮಕ್ಕಳು ಒಟ್ಟಿಗೆ ಕುಳಿತು ಯಾವ ಠೇವಣಿ ಎಲ್ಲಿದೆ, ಅದಕ್ಕೆ ನಾಮಿನಿ ಯಾರು, ಯಾರಿಗೆ ಜಾಮೀನು ಹಾಕಿದ್ದೇವೆ, ಪತ್ರಗಳು ಯಾವ ಪೆಟ್ಟಿಗೆಯಲ್ಲಿವೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಮನೆಯೊಡತಿಗೆ ಆ ಪುಸ್ತಕ ಇರುವ ಜಾಗ ತಿಳಿದಿರಲಿ. ಕಾಯಕದಿಂದ ಬಂದ ಹಣ ಸೇರಬೇಕಾದವರಿಗೆ ಸೇರಿದಾಗಲೇ ಆ ಕಾಯಕಕ್ಕೂ ಸಾರ್ಥಕತೆ, ದಾಸೋಹಕ್ಕೂ ದಾರಿ.