ಫಾರ್ವರ್ಡ್ ಸಾಲಿನ ತಂತ್ರಗಳು (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್)

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಎದುರಾಳಿಯ ದಟ್ಟ ರಕ್ಷಣೆಯನ್ನು ಭೇದಿಸಿ ಗೋಲು ಗಳಿಸಲು ಮುಂಚೂಣಿ ಆಟಗಾರರು ಅನುಸರಿಸುವ ವಿಧಾನಗಳೇ ಫಾರ್ವರ್ಡ್ ಸಾಲಿನ ತಂತ್ರಗಳು. ಈ ಆಟದಲ್ಲಿ ಆಫ್‌ಸೈಡ್ ನಿಯಮವಿಲ್ಲ. ಆದ್ದರಿಂದ ತಂಡವೊಂದು ತನ್ನ 18 ಆಟಗಾರರಲ್ಲಿ ಬಹುಪಾಲು ಮಂದಿಯನ್ನು ತನ್ನ ಗೋಲಿನ ಮುಂದೆಯೇ ನಿಲ್ಲಿಸಬಹುದು. ಇದಕ್ಕೆ ‘ಫ್ಲಡ್ಡಿಂಗ್’ ಎಂದು ಹೆಸರು. 2000ರಲ್ಲಿ ಸತತ 20 ಪಂದ್ಯಗಳನ್ನು ಗೆದ್ದಿದ್ದ ಎಸೆಂಡನ್ ತಂಡವನ್ನು ಟೆರ್ರಿ ವಾಲೇಸ್ ತರಬೇತಿಯ ವೆಸ್ಟರ್ನ್ ಬುಲ್‌ಡಾಗ್ಸ್ ಈ ಕ್ರಮದಿಂದಲೇ ಮಣಿಸಿತು. ಆ ವರ್ಷ ಎಸೆಂಡನ್ ಸೋತದ್ದು ಅದೊಂದೇ ಪಂದ್ಯ.

ಜಾಗವನ್ನು ತೆರವು ಮಾಡುವ ಉಪಾಯ ಇದಕ್ಕಿಂತ ಹಳೆಯದು. 1990ರ ದಶಕದಲ್ಲಿ ಡೆನಿಸ್ ಪೇಗನ್ ತರಬೇತಿಯ ನಾರ್ತ್ ಮೆಲ್ಬರ್ನ್ ತಂಡದ ಉಳಿದ ಫಾರ್ವರ್ಡ್‌ಗಳು ಗೋಲಿನಿಂದ ದೂರ ಸರಿದು, ತಮ್ಮನ್ನು ಕಾಯುವವರನ್ನೂ ಸೆಳೆದೊಯ್ಯುತ್ತಿದ್ದರು. ಬಯಲಾದ ಆ ಜಾಗದಲ್ಲಿ ನಾಯಕ ವೇಯ್ನ್ ಕ್ಯಾರಿ ಒಬ್ಬನೇ ರಕ್ಷಕನನ್ನು ಎದುರಿಸಿದರೆ ಸಾಕಿತ್ತು. ‘ಪೇಗನ್ಸ್ ಪ್ಯಾಡಕ್’, ಅಂದರೆ ಪೇಗನ್‌ನ ಹುಲ್ಲುಗಾವಲು, ಎಂದೇ ಹೆಸರಾದ ಈ ಕ್ರಮದ ಕಾಲದಲ್ಲಿ ತಂಡವು 1996 ಮತ್ತು 1999ರಲ್ಲಿ ಪ್ರಶಸ್ತಿ ಗೆದ್ದಿತು.

ರಕ್ಷಕರು ವ್ಯಕ್ತಿಯನ್ನು ಬಿಟ್ಟು ಜಾಗವನ್ನೇ ಕಾಯತೊಡಗಿದರೆ ಈ ಸೆಳೆತ ಫಲಿಸದು. ಆಗ ರಕ್ಷಣೆ ಸಜ್ಜಾಗುವ ಮೊದಲೇ ಚೆಂಡನ್ನು ವೇಗವಾಗಿ ಮುಂದೊಯ್ಯಬೇಕಾಗುತ್ತದೆ. ನೆಲಕ್ಕೆ ಬಿದ್ದ ಚೆಂಡನ್ನು ಹೆಕ್ಕುವ ಚುರುಕಾದ ಆಟಗಾರರಿಗೂ ಬೆಲೆ ಹೆಚ್ಚುತ್ತದೆ. 2019ರಿಂದ ಎಎಫ್‌ಎಲ್‌ನಲ್ಲಿ ಮೈದಾನದ ಮಧ್ಯದಿಂದ ಆಟ ಆರಂಭವಾಗುವಾಗಲೆಲ್ಲ ಎರಡೂ ತಂಡಗಳು ಮೈದಾನದ ಮೂರು ಭಾಗಗಳಲ್ಲಿ ತಲಾ ಆರು ಮಂದಿಯನ್ನು ನಿಲ್ಲಿಸುವುದು ಕಡ್ಡಾಯ. ಆಟ ಆರಂಭವಾದ ಮೇಲೆ ಈ ನಿರ್ಬಂಧವಿಲ್ಲ.